ಚುಕ್ಕಿ ಹಿಂದೆ ಹೋದ ಕಣ್ಣು

ಕಳೆದ ತಿಂಗಳು ತಮ್ಮನ್ನ ಉಡುಪಿಗೆ ಚೆಕಪ್‌ಗೆ ಕರ್ಕೊಂಡು ಹೋದಾಗ ಡಾಕ್ಟ್ರು, ಇಲ್ಲೊಬ್ಬಳು ಹುಡುಗಿ ಪಿಎಚ್‌ಡಿಗೆ ಕಣ್ಣಿನ ಚಲನೆ ಬಗ್ಗೆ ಸ್ಟಡಿ ಮಾಡ್ತಾ ಇದ್ದಾಳೆ, ನಿಮ್ಗೆ ಒಪ್ಪಿಗೆ ಇದ್ರೆ ಇಬ್ರೂ ಅರ್ಧ ಗಂಟೆ ಕೂತ್ಕೊಳ್ಳಿ ಅಂದ್ರು. ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಅಂತ ಗೊತ್ತಾಗಿ ಆರು ವರ್ಷ ಆಯ್ತು. ಅದಕ್ಕೂ ಕಣ್ಣಿಗೂ ಎಂತ ಸಂಬಂಧ ಅಂತ ನಂಗೆ ತಲೆಬುಡ ಅರ್ಥ ಆಗ್ಲಿಲ್ಲ, ಆದ್ರೆ ಅವನೇ "ಹೋಗುವ ಅಕ್ಕ" ಅಂದ.

ಕನ್ನಡಕದ ಟೆಸ್ಟಿಗೆ ಗದ್ದ ಇಡ್ತೀವಲ್ಲ, ಅಂಥದ್ದೇ ಒಂದು ಸ್ಟ್ಯಾಂಡು, ಎದುರಿಗೆ ಕಂಪ್ಯೂಟರ್. ಪರದೆ ಮೇಲೆ ಒಂದು ಬಿಳಿ ಚುಕ್ಕಿ ಆ ಕಡೆ ಈ ಕಡೆ ನಿಧಾನಕ್ಕೆ ಹೋಗ್ತಾ ಇರತ್ತೆ, ತಲೆ ಅಲ್ಲಾಡಿಸದೆ ಕಣ್ಣಲ್ಲೇ ಅದರ ಹಿಂದೆ ಹೋಗ್ಬೇಕು, ಅಷ್ಟೇ. ಮುಗಿದ ಮೇಲೆ ಅವಳು ಗ್ರಾಫ್ ತೋರಿಸಿದ್ಲು. ಚುಕ್ಕಿಯ ಗೆರೆ ಸಮುದ್ರದ ಅಲೆ ಥರ ನುಣ್ಣಗೆ, ತಮ್ಮನ ಕಣ್ಣಿನ ಗೆರೆ ಮೆಟ್ಟಿಲು ಮೆಟ್ಟಿಲು. ಕಣ್ಣು ಹಿಂದೆ ಬೀಳತ್ತೆ, ಆಮೇಲೆ ಟಕ್ ಅಂತ ಹಾರಿ ಚುಕ್ಕಿಯನ್ನ ಹಿಡ್ಕೊಳ್ಳತ್ತೆ, ಪುನಃ ಹಿಂದೆ ಬೀಳತ್ತೆ.

ಇದು ಹೊಸ ವಿಷಯ ಅಲ್ವಂತೆ. 1908ರಲ್ಲೇ ಅಮೆರಿಕದಲ್ಲಿ ಡೀಫೆನ್‌ಡಾರ್ಫ್ ಮತ್ತು ಡಾಜ್ ಅನ್ನೋರು ತೂಗಾಡೋ ಲೋಲಕ ನೋಡ್ಲಿಕ್ಕೆ ಹೇಳಿ ರೋಗಿಗಳ ಕಣ್ಣಿನ ಫೋಟೋ ತೆಗೆದಿದ್ರಂತೆ. ಆಮೇಲೆ ಎಲ್ಲರೂ ಮರೆತ ಹಾಗಾಗಿ, 1973ರಲ್ಲಿ ಫಿಲಿಪ್ ಹೋಲ್ಜ್‌ಮನ್ ಅನ್ನೋರು ಮತ್ತೆ ಶುರು ಮಾಡಿದ್ದು. ಮರು ವರ್ಷವೇ, ಕಾಯಿಲೆ ಇಲ್ಲದ ಅಪ್ಪ ಅಮ್ಮ ಅಣ್ಣ ತಂಗಿಯರಲ್ಲೂ ಸುಮಾರು ಜನಕ್ಕೆ ಇದೇ ಥರ ಇರತ್ತೆ ಅಂತ ಅವರು ಬರೆದ್ರು. ಅದಕ್ಕೇ ನನ್ನನ್ನೂ ಕೂರಿಸಿದ್ದು. ನನ್ನ ಗೆರೆ ತಮ್ಮನಷ್ಟು ಇಲ್ಲದಿದ್ರೂ ಅಲ್ಲಲ್ಲಿ ಮೆಟ್ಟಿಲು ಇತ್ತು. ಅದನ್ನ ನೋಡಿ ಹೆದರಿಕೆ ಆಗ್ಲಿಲ್ಲ, ಇವನು ನಮ್ಮವನೇ ಅಂತ ಅನಿಸಿ ಗಂಟಲು ಕಟ್ಟಿತು.

ಆಮೇಲೆ ಒಂದು ಸಂತೆಯ ಫೋಟೋ ತೋರಿಸಿ ಸುಮ್ನೆ ನೋಡಿ ಅಂದ್ಲು. ನನ್ನ ಕಣ್ಣು ಮುಖಗಳು, ಬುಟ್ಟಿ, ಹೂ, ಎಲ್ಲ ಕಡೆ ಸುತ್ತಿತ್ತು. ತಮ್ಮನದ್ದು ನಾಲ್ಕೈದು ಜಾಗದಲ್ಲೇ ನಿಂತಿತ್ತು, ಅದ್ರಲ್ಲೂ ಒಂದು ಕೊಡೆಯ ಹತ್ರ ತುಂಬಾ ಹೊತ್ತು.

ನಂಗೆ ಅಪ್ಪನ ಮಾತು ನೆನಪಾಯ್ತು. ಊಟಕ್ಕೆ ಕೂತಾಗೆಲ್ಲ "ಮುಖ ನೋಡಿ ಮಾತಾಡು, ಕಣ್ಣು ಎಲ್ಲಿ ಇಟ್ಟಿದ್ದೀ" ಅಂತ ಗದರ್ತಿದ್ರು. ಅಮ್ಮ ದೃಷ್ಟಿ ತಾಗಿದೆ ಅಂತ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದಕ್ಕೆ ಲೆಕ್ಕ ಇಲ್ಲ, ಜ್ಯೋತಿಷಿ ಹತ್ರ ಪ್ರಶ್ನೆ ಇಡಿಸಿದ್ದೂ ಆಯ್ತು, ಡಾಕ್ಟ್ರ ಹತ್ರ ಹೋಗುವಾಗ ಎಂಟು ತಿಂಗಳು ಕಳೆದಿತ್ತು. ಮುಖ ನೋಡದೆ ಇರೋದೂ ಈ ಫೋಟೋ ಟೆಸ್ಟೂ ಒಂದೇ ಅಲ್ಲ, ಗೊತ್ತು, ಆದ್ರೂ ಅವನು ಬೇಕಂತ ಮಾಡ್ತಾನೆ ಅಂತ ನಾವು ಬೈದದ್ದು ತಪ್ಪೇ.

ಹಾಗಾದ್ರೆ ಕಣ್ಣು ನೋಡಿಯೇ ಕಾಯಿಲೆ ಹೇಳ್ಬಹುದಾ ಅಂತ ಕೇಳಿದೆ. 2012ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಯೂನಿವರ್ಸಿಟಿಯವ್ರು ಇಂಥ ಟೆಸ್ಟುಗಳನ್ನ ಸೇರಿಸಿ ರೋಗಿಗಳನ್ನೂ ಆರೋಗ್ಯವಂತರನ್ನೂ ಶೇ. 98ರಷ್ಟು ಸರಿಯಾಗಿ ಬೇರೆ ಮಾಡಿದ್ರು ಅಂದ್ಲು. ಆದ್ರೆ ಅಲ್ಲಿ ಯಾರಿಗೆ ಕಾಯಿಲೆ ಇದೆ, ಯಾರಿಗೆ ಇಲ್ಲ ಅಂತ ಮೊದ್ಲೇ ಗೊತ್ತಿತ್ತು, ಬೈಪೋಲಾರ್ ಅನ್ನೋ ಇನ್ನೊಂದು ಮಾನಸಿಕ ಕಾಯಿಲೆ ಇದ್ದವರಲ್ಲೂ ಕಣ್ಣು ಹೀಗೆ ತಪ್ಪತ್ತೆ, ಕೆಲವು ಮಾತ್ರೆಗಳಿಂದಲೂ ವ್ಯತ್ಯಾಸ ಆಗತ್ತೆ, ಹಾಗಾಗಿ ಈಗ್ಲೂ ಡಾಕ್ಟ್ರು ಕೂತು ಮಾತಾಡಿಯೇ ಕಾಯಿಲೆ ಹೇಳೋದು ಅಂದ್ಲು. ಅವಳು ಸುಳ್ಳು ಆಸೆ ಹುಟ್ಟಿಸದೆ ಹೇಳಿದ್ದು ನಂಗೆ ಇಷ್ಟ ಆಯ್ತು.

ವಾಪಸ್ ಬಸ್ಸಲ್ಲಿ ಕಲ್ಸಂಕ ದಾಟುವಾಗ ತಮ್ಮ ಕೇಳಿದ, "ನನ್ನ ಗೆರೆ ಹಾಳಾಗಿತ್ತಾ ಅಕ್ಕ?"

"ನಂದೂ ನೆಟ್ಟಗಿರ್ಲಿಲ್ಲ ಮಾರಾಯ" ಅಂದೆ.

ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ, ಅವರು ಏನೂ ಮಾತಾಡ್ಲಿಲ್ಲ. ಊಟಕ್ಕೆ ಮಾತ್ರ ಯಾವತ್ತೂ ಎದುರಿಗೆ ಕೂತ್ಕೊಳ್ಳುವವರು ಅವತ್ತು ತಟ್ಟೆ ಹಿಡ್ಕೊಂಡು ಬಂದು ಅವನ ಪಕ್ಕ ಕೂತ್ರು.