ಮದ್ದು ಬದಲಾಯಿಸಿದ ದಿನ

ಕಳೆದ ಚಳಿಗಾಲದಲ್ಲಿ ನನ್ನ ಬಳಿಯಿದ್ದ ರೆಡ್ ಡಾಟ್ ಎಂಬ ಬಂದೂಕಿನ ಮದ್ದಿನ ಕೊನೆಯ ಡಬ್ಬಿ ಖಾಲಿಯಾಯಿತು. ಹನ್ನೆರಡು ವರ್ಷಗಳಿಂದ ಓಹಾಯೋದ ನಮ್ಮ ಮನೆಯ ಗ್ಯಾರೇಜಿನಲ್ಲಿ, ಭಾನುವಾರದ, ಹಾರುವ ಬಿಲ್ಲೆಗಳಿಗೆ ಗುರಿಯಿಡುವ ಟ್ರ್ಯಾಪ್ ಶೂಟಿಂಗ್‌ಗೆ ಬೇಕಾಗುವ 12 ಗೇಜಿನ ಶಾಟ್‌ಗನ್ (ಚರೆ ಬಂದೂಕು) ತೋಟೆಗಳನ್ನು ನಾನೇ ತುಂಬಿಕೊಳ್ಳುತ್ತ ಬಂದಿದ್ದೇನೆ, ಮತ್ತು ಅಷ್ಟೂ ವರ್ಷ ಬಳಸಿದ್ದು ಅದೊಂದೇ ಮದ್ದನ್ನು. 2020ರ ನಂತರ ಅಮೆರಿಕದಲ್ಲಿ ಮದ್ದು ಮತ್ತು ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರುಗಳ ಅಭಾವ ಮತ್ತೆ ಮತ್ತೆ ತಲೆದೋರುತ್ತಿರುವುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ವಿಷಯ. ಅಂಗಡಿಯಲ್ಲಿ ಬೇಕಾದದ್ದು ಸಿಗದೆ, ಸಿಕ್ಕಿದ ಬೇರೊಂದು ಮದ್ದನ್ನು ಕೊಂಡು ತಂದೆ. ಆ ದಿನ ನಾನು ಮಾಡಲಿದ್ದ ತಪ್ಪು ತಕ್ಕಡಿಯ ಮೇಲೆ ಸಿಕ್ಕಿಬಿತ್ತು. ಬಂದೂಕಿನೊಳಗೆ ಸಿಕ್ಕಿಬಿದ್ದಿದ್ದರೆ ಇದನ್ನು ಬರೆಯಲು ನನಗೆ ಎಡಗೈ ಇರುತ್ತಿತ್ತೋ ಇಲ್ಲವೋ.

ನಡೆದದ್ದು ಇಷ್ಟು. ನನ್ನದು ಮೆಕ್ ಕಂಪನಿಯ ಒಂದೊಂದೇ ತೋಟೆ ತುಂಬುವ ಪ್ರೆಸ್. ಅದರ ಮೇಲೆ ಎರಡು ಬಾಟಲಿಗಳನ್ನು ತಲೆಕೆಳಗಾಗಿ ಕೂರಿಸಿರುತ್ತಾರೆ: ಒಂದರಲ್ಲಿ ಚರೆ, ಇನ್ನೊಂದರಲ್ಲಿ ಮದ್ದು. ಅವುಗಳ ಕೆಳಗೆ ಅತ್ತಿತ್ತ ಜಾರುವ ಒಂದು ಲೋಹದ ಪಟ್ಟಿ ಇದೆ. ಅದರಲ್ಲಿ ಹೆಬ್ಬೆರಳಿನ ತುದಿಯಷ್ಟು ದೊಡ್ಡದಾದ, ನಡುವೆ ರಂಧ್ರವಿರುವ ಬುಶಿಂಗ್ ಎಂಬ ಬಿಲ್ಲೆ ಕೂತಿರುತ್ತದೆ. ಆ ರಂಧ್ರ ತುಂಬಿದಷ್ಟು ಮದ್ದು ಪ್ರತಿ ಸಲವೂ ತೋಟೆಯೊಳಗೆ ಬೀಳುತ್ತದೆ. ನಾನು ಹಳೆಯ ಬಾಟಲಿಯನ್ನು ತೆಗೆದು ಒರೆಸಿ ಹೊಸ ಮದ್ದು ತುಂಬಿದೆನೇ ಹೊರತು ಬುಶಿಂಗನ್ನು ಬದಲಾಯಿಸಲಿಲ್ಲ. ಕೈಗೆ ಅದು ಪ್ರೆಸ್ಸಿನದೇ ಒಂದು ಭಾಗವಾಗಿಬಿಟ್ಟಿತ್ತು. ಅಭ್ಯಾಸದಂತೆ ಮೊದಲ ಅಳತೆಯನ್ನು ತಕ್ಕಡಿಗೆ ಸುರಿದಾಗ, ರೆಡ್ ಡಾಟಿನಲ್ಲಿ 17 ಗ್ರೇನ್ (ಮದ್ದಿನ ತೂಕದ ಪುಟ್ಟ ಅಳತೆ) ಬೀಳಿಸುತ್ತಿದ್ದ ಅದೇ ರಂಧ್ರ 24 ಗ್ರೇನಿನ ಹತ್ತಿರ ಬೀಳಿಸಿತ್ತು. ಹೊಸ ಮದ್ದು ಹಳೆಯದಕ್ಕಿಂತ ಬೇಗ ಉರಿಯುವಂಥದ್ದು. ತಯಾರಕರ ಪಟ್ಟಿ ಅದಕ್ಕೆ ಹೇಳಿದ್ದ ತೂಕ 17ಕ್ಕಿಂತಲೂ ಕಡಿಮೆ.

ಇದರ ಕಾರಣ ಸರಳ. ಬುಶಿಂಗ್ ಅಳೆಯುವುದು ಗಾತ್ರವನ್ನು. ಬಂದೂಕಿನ ಕ್ಷೇಮ ನಿಂತಿರುವುದು ತೂಕದ ಮೇಲೆ. ರೆಡ್ ಡಾಟ್ ಅವಲಕ್ಕಿಯಂತೆ ಹಗುರವಾದ ಚಕ್ಕೆಗಳ ಮದ್ದು. ಕೆಲವು ಮದ್ದುಗಳು ಸಣ್ಣ ರವೆಯಂತೆ ಒತ್ತಾಗಿ ಕೂರುತ್ತವೆ. ಒಂದು ಪಾವು ಅವಲಕ್ಕಿಯ ತೂಕವೂ ಒಂದು ಪಾವು ರವೆಯ ತೂಕವೂ ಒಂದೇ ಅಲ್ಲ ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಕೊಡಗಿನ ನಮ್ಮ ಮನೆಯಲ್ಲಿ ಅಜ್ಜ ಕೇಪಿನ ಕೋವಿಗೆ ಬಿದಿರಿನ ಒಂದು ಅಳತೆಯಿಂದ ಕರಿಮದ್ದು ಹೊಯ್ದು ಗಜದಿಂದ ಜಡಿಯುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಕರಿಮದ್ದನ್ನು ಗಾತ್ರದಿಂದ ಅಳೆಯುವುದೇ ರೂಢಿ, ಅದರಲ್ಲಿ ತುಸು ಹೆಚ್ಚುಕಡಿಮೆಯಾದರೆ ನಡೆದುಹೋಗುತ್ತಿತ್ತು. ಹೊಗೆಯಿಲ್ಲದ ಮದ್ದಿಗೆ ಆ ಕ್ಷಮಾಗುಣವಿಲ್ಲ. ನೈಟ್ರೋಸೆಲ್ಯುಲೋಸ್, ಹಲವು ಮದ್ದುಗಳಲ್ಲಿ ಅದರ ಜೊತೆಗೆ ನೈಟ್ರೋಗ್ಲಿಸರಿನ್ ಕೂಡ ಸೇರಿದ ಈ ಮದ್ದು ಒತ್ತಡ ಏರಿದಂತೆಲ್ಲ ಇನ್ನಷ್ಟು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡವನ್ನು ಇನ್ನೂ ಏರಿಸುತ್ತದೆ.

ರೈಫಲ್ ತೋಟೆ ತುಂಬಿ ಪಳಗಿದವರು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಅವರು ಕಡಿಮೆ ಮದ್ದಿನಿಂದ ಆರಂಭಿಸಿ, ಪ್ರೈಮರ್ ಚಪ್ಪಟೆಯಾಗಿದೆಯೇ, ಹಿತ್ತಾಳೆ ಉಬ್ಬಿದೆಯೇ ಎಂದು ನೋಡುತ್ತ ಹಂತ ಹಂತವಾಗಿ ಮೇಲೇರುತ್ತಾರೆ. ಶಾಟ್‌ಗನ್ನಿನಲ್ಲಿ ಆ ದಾರಿ ಇಲ್ಲ. 2¾ ಅಂಗುಲದ 12 ಗೇಜ್ ತೋಟೆಗೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ನಿಗದಿಪಡಿಸಿರುವ ಗರಿಷ್ಠ ಸರಾಸರಿ ಒತ್ತಡ ಚದರ ಅಂಗುಲಕ್ಕೆ 11,500 ಪೌಂಡ್. ಇಂದಿನ ಹಲವು ರೈಫಲ್ ತೋಟೆಗಳಲ್ಲಿ ಅದು 60,000ದ ಆಸುಪಾಸಿನಲ್ಲಿದೆ. ಶಾಟ್‌ಗನ್ನಿನ ಮಿತಿ ದಾಟಿ ಬಹುದೂರ ಹೋದರೂ ಪ್ಲಾಸ್ಟಿಕ್ ಕವಚ ನಂಬಬಹುದಾದ ಯಾವ ಸುಳಿವನ್ನೂ ಕೊಡದೆ ಸುಮ್ಮನಿರಬಹುದು. ಆದ್ದರಿಂದ ಒತ್ತಡವನ್ನು ಯಂತ್ರದಿಂದ ಅಳೆದು ಮದ್ದಿನ ತಯಾರಕರು ಪ್ರಕಟಿಸಿದ ಪಟ್ಟಿಯೇ ನಮಗಿರುವ ಏಕೈಕ ಕಣ್ಣು. ನನ್ನ ತೋಟೆಯ ಪೂರ್ತಿ ಅಳತೆಗಳನ್ನು ಇಲ್ಲಿ ಬರೆಯದಿರುವುದೂ ಇದೇ ಕಾರಣಕ್ಕೆ.

ಆ ಪಟ್ಟಿಯನ್ನು ಓದುವಾಗ ಒಂದು ಸಾಲನ್ನು ಇಡಿಯಾಗಿ ಸ್ವೀಕರಿಸಬೇಕು. ಖಾಲಿ ಕವಚ ಯಾವುದು, ಪ್ರೈಮರ್ ಯಾವುದು, ಮದ್ದು ಎಷ್ಟು, ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಯಾವುದು, ಚರೆ ಎಷ್ಟು ಔನ್ಸ್ ಎಂಬ ಐದೂ ಸೇರಿದರೆ ಮಾತ್ರ ಮುಂದೆ ಬರೆದಿರುವ ಒತ್ತಡದ ಅಂಕಿಗೆ ಅರ್ಥ. ಪ್ರೈಮರುಗಳೆಲ್ಲ 209 ಎಂಬ ಒಂದೇ ಹೆಸರಿನವಾದರೂ ಅವುಗಳ ಕಿಡಿಯ ಬಿಸಿ ಒಂದೇ ಅಲ್ಲ. ಬೇರೇನನ್ನೂ ಮುಟ್ಟದೆ ಪ್ರೈಮರನ್ನಷ್ಟೇ ಬದಲಾಯಿಸಿದರೂ ಒತ್ತಡ ಸಾವಿರಾರು ಪೌಂಡ್ ಏರಬಹುದು. ಮದ್ದುಗಳನ್ನು ಬೇಗ ಉರಿಯುವುದರಿಂದ ನಿಧಾನ ಉರಿಯುವುದರವರೆಗೆ ಜೋಡಿಸಿದ ಕೋಷ್ಟಕಗಳು ಸಿಗುತ್ತವೆ. ಅದರಲ್ಲಿ ಅಕ್ಕಪಕ್ಕ ಇವೆ ಎಂಬ ಮಾತ್ರಕ್ಕೆ ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸಲಾಗದು. ಸೀಸದ ಚರೆಯ ಪಟ್ಟಿಯನ್ನು ಉಕ್ಕಿನ ಚರೆಗೆ ಬಳಸುವ ಮಾತಂತೂ ಇಲ್ಲವೇ ಇಲ್ಲ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಹಳೆಯ ಮದ್ದನ್ನು ಅದರದೇ ಮೂಲ ಡಬ್ಬಿಗೆ ಹಿಂತಿರುಗಿಸಿ, ಆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರೆಗೆ ಹೊಸ ಡಬ್ಬಿಯ ಮುಚ್ಚಳ ತೆರೆಯುವುದಿಲ್ಲ. ಮೇಜಿನ ಮೇಲೆ ಯಾವ ಹೊತ್ತಿನಲ್ಲಿಯೂ ಒಂದೇ ಮದ್ದು. ಪ್ರೆಸ್ಸಿನ ಲೋಹದ ಪಟ್ಟಿಯನ್ನು ಕಳಚಿ, ಮದ್ದು ಇಳಿಯುವ ಕೊಳವೆಯನ್ನು ಮೃದುವಾದ ಕುಂಚದಿಂದ ಗುಡಿಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಕೊಳವೆಯ ಅಂಚಿನಲ್ಲಿ ಅಂಟಿ ಕೂತ ನಾಲ್ಕಾರು ಕೆಂಪು ಚಕ್ಕೆಗಳು ಆಗ ಮಾತ್ರ ಕಾಣುತ್ತವೆ. ಎಂದೋ ಬಾಟಲಿಯಲ್ಲಿ ಉಳಿದು ಹೆಸರು ಮರೆತುಹೋದ ಮದ್ದಿದ್ದರೆ ಅದನ್ನು ಬಣ್ಣ ನೋಡಿ ಗುರುತಿಸುವ ಸಾಹಸ ಮಾಡದೆ ತ್ಯಜಿಸಬೇಕು.

ಹೊಸ ಬುಶಿಂಗ್ ಹಾಕಿದ ಮೇಲೂ ಪ್ರೆಸ್ಸಿನ ಜೊತೆ ಬರುವ ಕೋಷ್ಟಕವನ್ನು ನಂಬುವಂತಿಲ್ಲ. ಅದು ಯಾವ ಬುಶಿಂಗಿನಿಂದ ಆರಂಭಿಸಬೇಕೆಂದು ತೋರಿಸುತ್ತದೆ, ಅಷ್ಟೆ. ತಕ್ಕಡಿಯನ್ನು ಸಮತಟ್ಟಾದ ಕಡೆ ಇಟ್ಟು, ಫ್ಯಾನ್ ನಿಲ್ಲಿಸಿ, ತೂಕದ ಕಲ್ಲಿನಿಂದ ಪರೀಕ್ಷಿಸಿ, ಮೊದಲ ಐದಾರು ಅಳತೆಗಳನ್ನು ಮತ್ತೆ ಬಾಟಲಿಗೆ ಸುರಿದು, ಆಮೇಲೆ ಹತ್ತನ್ನು ಒಂದೊಂದಾಗಿ ತೂಗಿ ಬರೆದುಕೊಳ್ಳುತ್ತೇನೆ. ಆ ಹತ್ತನ್ನೂ ಬರಿಯ ಲೋಹದ ಪಟ್ಟಿ ಸರಿಸಿ ತೆಗೆಯದೆ, ನಿಜವಾಗಿ ತೋಟೆ ತುಂಬುವಾಗಿನಂತೆ ಹಿಡಿಕೆಯನ್ನು ಪೂರ್ತಿ ಎಳೆದೇ ತೆಗೆಯಬೇಕು. ಏಕೆಂದರೆ ಪ್ರೆಸ್ಸಿನ ಅದುರುವಿಕೆಗೆ ಮದ್ದು ಕುಳಿತು ಒತ್ತಾಗುತ್ತದೆ, ತೂಕ ಹೆಚ್ಚುತ್ತದೆ. ಅದೇ ಹೆಸರಿನ ಮದ್ದಾದರೂ ಡಬ್ಬಿಯ ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಕಂತಿನ ಗುರುತು) ಬದಲಾದಾಗ ಈ ಹತ್ತು ತೂಕಗಳನ್ನು ಮತ್ತೊಮ್ಮೆ ತೆಗೆಯುತ್ತೇನೆ.

ತೋಟೆಯ ಬಾಯಿಯ ಮಡಿಕೆಯೂ ಮಾತನಾಡುತ್ತದೆ. ಒತ್ತಾದ ಮದ್ದು ಕಡಿಮೆ ಜಾಗ ಹಿಡಿಯುವುದರಿಂದ ಹಳೆಯ ವ್ಯಾಡನ್ನೇ ಹಾಕಿದರೆ ಚರೆ ಕೆಳಗೆ ಕುಸಿದು, ಮಡಿಕೆಯ ನಡುವೆ ತಟ್ಟೆಯಂತೆ ತಗ್ಗು ಬೀಳುತ್ತದೆ. ಹಗುರ ಮದ್ದಾದರೆ ಗುಮ್ಮಟದಂತೆ ಉಬ್ಬುತ್ತದೆ. ಇವನ್ನು ಕಂಡಾಗ ಪ್ರೆಸ್ಸನ್ನು ತಿರುಚಿ ಒತ್ತುವ ಮನಸ್ಸಾಗುತ್ತದೆ. ಮಡಿಕೆ ಹೆಚ್ಚು ಆಳವಾದರೆ ಒತ್ತಡವೂ ಹೆಚ್ಚುವುದರಿಂದ, ಪಟ್ಟಿಯಲ್ಲಿ ಸರಿಯಾದ ಎತ್ತರದ ವ್ಯಾಡ್ ಇರುವ ಬೇರೆ ಸಾಲನ್ನು ಹುಡುಕುವುದೇ ಸರಿ.

ಮೊದಲ ಬಾರಿಗೆ ಐದೇ ತೋಟೆಗಳನ್ನು ತುಂಬಿ ಶೂಟಿಂಗ್ ಮೈದಾನಕ್ಕೆ ಒಯ್ಯುತ್ತೇನೆ. ಸದ್ದು ಸಪ್ಪೆಯಾಗಿ ಕೇಳಿಸಿದರೆ ಬಂದೂಕನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು, ತೆರೆದು, ತೋಟೆ ತೆಗೆದು, ನಳಿಗೆಯ ಆಚೆಯ ಬೆಳಕು ಹಿಂಬದಿಯಿಂದ ಪೂರ್ತಿ ಕಾಣುವುದೇ ಎಂದು ನೋಡದೆ ಮುಂದಿನ ಈಡು ಹಾಕಬಾರದು. ಒಳಗೆ ವ್ಯಾಡ್ ಸಿಕ್ಕಿಕೊಂಡಿದ್ದರೆ ಮುಂದಿನ ಈಡಿಗೆ ನಳಿಗೆಯೇ ಸೀಳಬಹುದು.

ಊರಿನ ಗೆಳೆಯರು ಇದನ್ನು ಓದಿ ಪ್ರಯತ್ನಿಸಿಬಿಟ್ಟಾರು ಎಂಬ ಆತಂಕ ನನಗಿದೆ. ಕೊಡವರಿಗೂ ಜಮ್ಮಾ ಭೂಮಿಯವರಿಗೂ (ಕೊಡಗಿನ ವಂಶಪಾರಂಪರ್ಯ ಹಿಡುವಳಿದಾರರಿಗೂ) 2029ರವರೆಗೆ ವಿಸ್ತರಣೆಯಾಗಿರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ತೋಟೆ ತಯಾರಿಕೆಗೆ ಭಾರತದಲ್ಲಿ ಬೇರೆಯೇ ಪರವಾನಗಿ ಬೇಕು. ಅಮೆರಿಕದಲ್ಲಿಯೂ ಮನೆಯಲ್ಲಿ ಇಡುವುದಕ್ಕೆ ಮಿತಿಯಿದೆ: ಅಗ್ನಿಸುರಕ್ಷತೆಯ ಎನ್‌ಎಫ್‌ಪಿಎ 495 ಸಂಹಿತೆಯ ಪ್ರಕಾರ ಮೂಲ ಡಬ್ಬಿಗಳಲ್ಲಿ 20 ಪೌಂಡ್ ಮದ್ದು, 10,000 ಪ್ರೈಮರ್.

ಆ ದಿನ 24 ಗ್ರೇನ್ ತೋರಿಸಿದ ಅಳತೆಯನ್ನು ಬಾಟಲಿಗೆ ಹಿಂದಿರುಗಿಸಿ, ದೀಪ ಆರಿಸಿ, ಏನನ್ನೂ ತುಂಬದೆ ಮನೆಯೊಳಗೆ ಹೋದೆ. ಮರುದಿನ ಹಳೆಯ ಬುಶಿಂಗನ್ನು ಒಂದು ಸಣ್ಣ ಲಕೋಟೆಯಲ್ಲಿಟ್ಟು, ಮೇಲೆ ಮದ್ದಿನ ಹೆಸರು, ಲಾಟ್ ಸಂಖ್ಯೆ, ತೂಗಿದ ಹತ್ತು ತೂಕಗಳ ಸರಾಸರಿ ಮತ್ತು ದಿನಾಂಕ ಬರೆದೆ. ಈಗ ಪ್ರತಿ ಮದ್ದಿನ ಡಬ್ಬಿಗೂ ಅದರ ಬುಶಿಂಗಿನ ಲಕೋಟೆಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಟ್ಟಿದ್ದೇನೆ. ಡಬ್ಬಿಯನ್ನು ಕೈಗೆತ್ತಿಕೊಂಡರೆ ಲಕೋಟೆಯೂ ಕೈಗೆ ಬರುತ್ತದೆ.