ಗುರುಗಳಿಗೊಂದು ನೂಲಿನ ನಮನ: ಮೂರನೇ ಪಟ್ಟಿ ಮುಗಿಯಿತು

ನೂಲಿನಲ್ಲಿ ಹೆಣೆಯುತ್ತಿರುವ ಮೂರನೇ ಪಟ್ಟಿ ಇವತ್ತು ಕೋಲಿನಿಂದ ಇಳಿಯಿತು. ಅಮೆರಿಕದ ಪುರಾತತ್ವಜ್ಞ ಜೂನಿಯಸ್ ಬರ್ಡ್ ಅವರಿಗೆಂದು ಹೆಣೆದದ್ದು. ಇನ್ನು ಉಳಿದಿರುವುದು ಒಂದೇ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಬಟ್ಟೆಯ ಕಲೆಗೆ, ಅಧ್ಯಯನಕ್ಕೆ ಬದುಕನ್ನೇ ಕೊಟ್ಟ ನಾಲ್ವರ ಹೆಸರಿನಲ್ಲಿ ಒಂದೊಂದು ಪಟ್ಟಿ ಮಾಡಿ, ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಜೋಡಿಸುವ ಕೆಲಸ ಇದು. ವಾಷಿಂಗ್ಟನ್‌ನ ಟೆಕ್ಸ್‌ಟೈಲ್ ಮ್ಯೂಸಿಯಂ ತನ್ನ ಸ್ಥಾಪಕ ಜಾರ್ಜ್ ಹೆವಿಟ್ ಮೈಯರ್ಸ್ ಹೆಸರಿನಲ್ಲಿ ಇಂಥವರಿಗೆ ಪ್ರಶಸ್ತಿ ಕೊಡುತ್ತದೆ. ಅಂಥ ಗೌರವ ಬೇಕೇ ಬೇಕು. ನನ್ನ ಕೈಲಾಗುವುದು ಇಷ್ಟು: ಅವರು ವರ್ಷಗಟ್ಟಲೆ ಕೂತು ಬಿಡಿಸಿದ್ದನ್ನು ನನ್ನ ಬೆರಳಿನಿಂದ ಮತ್ತೆ ಹೆಣೆದು ನೋಡುವುದು.

ಮೊದಲನೆಯದು ಡೆನ್ಮಾರ್ಕಿನ ಹಳೆಯ ಬಟ್ಟೆಗಳನ್ನು ಅಧ್ಯಯನ ಮಾಡಿದ ಮಾರ್ಗ್ರೆಥೆ ಹಾಲ್ ಅವರಿಗೆ. ಅಲ್ಲಿನ ಬೋರುಮ್ ಎಷೋಯ್‌ನ ಕಂಚಿನ ಯುಗದ ಸಮಾಧಿಯಲ್ಲಿ ಸಿಕ್ಕ ಕೂದಲಿನ ಬಲೆ ಸ್ಪ್ರಾಂಗ್ ಹೆಣಿಗೆಯದು. ಇದರಲ್ಲಿ ಅಡ್ಡಕ್ಕೆ ಹಾಯುವ ಹೊಕ್ಕು ನೂಲೇ ಇಲ್ಲ. ಎರಡೂ ತುದಿ ಕಟ್ಟಿದ, ಉದ್ದಕ್ಕೆ ನಿಲ್ಲುವ ಹಾಸು ನೂಲುಗಳನ್ನು ಬೆರಳಲ್ಲಿ ತಿರುಚುತ್ತಾ ಹೋದರೆ, ಮೇಲೆ ಮಾಡಿದ್ದೇ ಕೆಳಗೂ ತಾನಾಗಿ ಮೂಡುತ್ತದೆ. ನಡುವೆ ಒಂದು ದಾರ ತೂರಿಸಿ ಭದ್ರ ಮಾಡದಿದ್ದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ.

ಎರಡನೆಯದು ಪೀಟರ್ ಕಾಲಿಂಗ್‌ವುಡ್ ಅವರಿಗೆ. ವೈದ್ಯರಾಗಿ ಕಲಿತು ನೇಕಾರರಾದವರು. ರಾಜಸ್ಥಾನದ ಒಂಟೆಗಳಿಗೆ ಕಟ್ಟುವ ಪಟ್ಟಿಗಳ ಹೆಣಿಗೆಯನ್ನು ಎಳೆ ಎಳೆಯಾಗಿ ಕಲಿತು, 1998ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ನಾಲ್ಕು ಎಳೆಯ ಹುರಿ, ಎರಡು ಕಪ್ಪು, ಎರಡು ಬಿಳಿ. ಒಂದು ಹುರಿಯ ಎಳೆಗಳನ್ನು ದಬ್ಬಣದಿಂದ ಬಿಡಿಸಿ, ಮತ್ತೊಂದನ್ನು ಅದರೊಳಗೆ ತೂರಿಸುವುದು. ಹುರಿ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ವಿನ್ಯಾಸ ಮಸುಕಾಗುತ್ತದೆ. ನೂಲಿಗೆ ಹುರಿ ಹಾಕುವುದಕ್ಕೇ ಹೆಣೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಈಗ ಬರ್ಡ್ ಅವರ ಪಟ್ಟಿ. ನನಗೆ ತೀರಾ ಹತ್ತಿರವಾದದ್ದು ಇದೇ.

ಪೆರುವಿನ ಕರಾವಳಿಯ ವಾಕಾ ಪ್ರಿಯೆಟಾ ದಿಬ್ಬವನ್ನು ಅವರು 1946ರಲ್ಲಿ ಅಗೆಯಲು ಶುರುಮಾಡಿದರು. ಅಲ್ಲಿ ಸಿಕ್ಕ ಹತ್ತಿ ಬಟ್ಟೆಯ ಚೂರುಗಳು 4,000 ವರ್ಷಕ್ಕೂ ಹಳೆಯವು. ಮಾಸಿದ ಒಂದು ಚೂರು ಬರಿಗಣ್ಣಿಗೆ ಸುಮ್ನೆ ಚಿಂದಿಯಂತೆ ಕಾಣುತ್ತಿತ್ತು. ಬರ್ಡ್ ಅದನ್ನು ಲೆನ್ಸಿನ ಕೆಳಗಿಟ್ಟು, ಯಾವ ಹಾಸು ನೂಲು ಎಲ್ಲಿ ಪಕ್ಕಕ್ಕೆ ಸರಿದಿದೆ ಎಂದು ಗುರುತು ಹಾಕುತ್ತಾ ಹೋದರು. ಗುರುತುಗಳೆಲ್ಲ ಸೇರಿದಾಗ ರೆಕ್ಕೆ ಬಿಚ್ಚಿದ ಕಾಂಡೋರ್ ಎಂಬ ರಣಹದ್ದಿನಂಥ ಹಕ್ಕಿ, ಅದರ ಹೊಟ್ಟೆಯಲ್ಲೊಂದು ಹಾವು!

ನಾನು ಮಾಡಿದ್ದು ಒಂದು ರೆಕ್ಕೆಯಷ್ಟೇ. ಬಿಳಿ ಹತ್ತಿ ನೂಲು, ಬಣ್ಣ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಮಗ್ಗ ಬೇಕಿಲ್ಲ. ಹಾಸನ್ನು ಕೋಲಿಗೆ ಇಳಿಬಿಟ್ಟು, ಎರಡು ಹೊಕ್ಕು ನೂಲುಗಳನ್ನು ಒಂದಕ್ಕೊಂದು ತಿರುಚುತ್ತಾ ಹಾಸಿನ ಜೋಡಿಗಳನ್ನು ಹಿಡಿಯಬೇಕು. ಗರಿಯ ಅಂಚು ಬರುವಲ್ಲಿ ಹಾಸಿನ ನೂಲನ್ನು ಪಕ್ಕಕ್ಕೆ ಎಳೆದು ಹಿಡಿಯಬೇಕು. ಎದುರಿನ ಬೆಳಕಲ್ಲಿ ಏನೂ ಕಾಣದು. ದೀಪವನ್ನು ಪಕ್ಕದಲ್ಲಿಟ್ಟರೆ ಸರಿದ ನೂಲುಗಳ ನೆರಳಲ್ಲಿ ಗರಿ ತಿಳಿಯುತ್ತದೆ.

ಮುಗಿದ ಮೇಲೆ ಭೂತಗನ್ನಡಿ ಹಿಡಿದು, ನನ್ನದೇ ಪಟ್ಟಿಯನ್ನು ಗ್ರಾಫ್ ಹಾಳೆಗೆ ಇಳಿಸಲು ಕೂತೆ. ಬೆರಳಗಲ ಇಳಿಸುವಷ್ಟರಲ್ಲಿ ಕಣ್ಣು ಸೋತವು. ಇದು ರೆಕ್ಕೆ ಅಂತ ನನಗೆ ಗೊತ್ತಿತ್ತು, ನೂಲೂ ಹೊಸದು. ಅವರ ಮುಂದಿದ್ದದ್ದು ಸವೆದ ಚೂರು, ಅದರಲ್ಲಿ ಹಕ್ಕಿ ಇದೆ ಅಂತ ಹೇಳುವವರೂ ಇರಲಿಲ್ಲ. ಎಂಥ ತಾಳ್ಮೆ ಅಲ್ವಾ! ಅಷ್ಟೇ ದೊಡ್ಡದು, ಆ ಹಕ್ಕಿಯನ್ನು ಹೆಣೆದವರ ಲೆಕ್ಕಾಚಾರ. ಹಾಗಾಗಿ ಈ ಪಟ್ಟಿಯ ಚೀಟಿಯಲ್ಲಿ ಬರ್ಡ್ ಹೆಸರಿಗಿಂತ ಮೊದಲು ‘ವಾಕಾ ಪ್ರಿಯೆಟಾದ ಹೆಣಿಗೆಗಾರರು’ ಎಂದು ಬರೆದಿದ್ದೇನೆ.

ಚೀಟಿಗಳಲ್ಲಿ ಹೆಣಿಗೆಯ ವಿವರವನ್ನು ಐರೀನ್ ಎಮರಿ ಅವರ ಕ್ರಮದಂತೆ ಬರೆಯುತ್ತಿದ್ದೇನೆ. ಬಟ್ಟೆ ಯಾವ ದೇಶದ್ದು, ಯಾವ ಸಲಕರಣೆಯಲ್ಲಿ ಮಾಡಿದ್ದು ಅನ್ನುವುದಕ್ಕಿಂತ ನೂಲುಗಳು ಒಂದಕ್ಕೊಂದು ಹೇಗೆ ಸಿಕ್ಕಿಕೊಂಡಿವೆ ಎಂದು ನೋಡಿ ವಿಂಗಡಿಸುವ ಅವರ ಪುಸ್ತಕ 1966ರಲ್ಲಿ ಬಂತು. ದೂರದೂರದ ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಈ ಕ್ರಮದ ಬೆಲೆ ತಿಳಿಯಿತು.

ಕೊನೆಯ ಪಟ್ಟಿ ನೇಯ್ಗೆಯ ಕಲಾವಿದೆ ಆನಿ ಆಲ್ಬರ್ಸ್ ಅವರಿಗೆ. ಪೆರುವಿನ ಹಳೆಯ ನೇಕಾರರನ್ನೇ ತಮ್ಮ ಗುರುಗಳೆಂದು ಕರೆದು, 1965ರ ತಮ್ಮ ನೇಯ್ಗೆಯ ಪುಸ್ತಕವನ್ನು ಅವರಿಗೆ ಅರ್ಪಿಸಿದವರು. ಹಾಸಿನ ಜೋಡಿ ನೂಲು ಒಂದರ ಮೇಲೊಂದು ದಾಟುವ ಲೆನೊ ನೇಯ್ಗೆ ಮಾಡುವ ಯೋಚನೆಯಿದೆ. ಲಿನನ್ ನೂಲು ತಂದಾಗಿದೆ. ಹಾಸು ಸಡಿಲ ಬಿಡಬೇಕೋ ಬಿಗಿಯಬೇಕೋ ಎಂದು ಮೊದಲು ಒಂದು ತುಂಡಿನಲ್ಲಿ ನೋಡಿಕೊಂಡು ಶುರುಮಾಡುತ್ತೇನೆ.