ಯಾವ ಬ್ರೆಡ್ಡು?

ಮೊನ್ನೆ ಭಾನುವಾರ ಕುವೆಂಪುನಗರದಲ್ಲಿ ಸೇರಿದ್ದೆವು. ಜೂನ್‌ನಲ್ಲಿ ಜೊತೆಯಾಗಿ ರಷ್ಯಾಕ್ಕೆ ಹೋಗಿದ್ದ ಹದಿನಾಲ್ಕು ಜನರಲ್ಲಿ ಹನ್ನೊಂದು ಮಂದಿ ಬಂದಿದ್ದರು. ಬಿಸಿಬೇಳೆಬಾತು, ಮೊಸರನ್ನ, ಟೀವಿಯಲ್ಲಿ ಫೋಟೋ. ಪೀಟರ್ಸ್‌ಬರ್ಗ್‌ನಲ್ಲಿ ಯಾರಿಗೆ ಏನು ಹಿಡಿಸಿತು ಅಂತ ಒಬ್ಬೊಬ್ಬರೇ ಹೇಳುತ್ತಾ ಬಂದರು.

ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರಿಗೆ ಪೀಟರ್‌ಹಾಫ್ ಅರಮನೆಯ ಕಾರಂಜಿಗಳು. ಪಂಪೇ ಇಲ್ಲದೆ, ಎತ್ತರದ ಜಾಗದಿಂದ ನೀರು ತಾನಾಗಿ ಹರಿದು ಬಂದು ಅಷ್ಟು ಮೇಲಕ್ಕೆ ಚಿಮ್ಮುತ್ತದಲ್ಲ, ಅದನ್ನು ಹೇಳುವಾಗ ಅವರು ಕೂತಲ್ಲಿ ಕೂರಲಿಲ್ಲ. ಒಬ್ಬರಿಗೆ ರಾತ್ರಿ ಹನ್ನೊಂದಾದರೂ ಹೋಗದ ಬೆಳಕು. ಇನ್ನೊಬ್ಬರಿಗೆ ನಡುರಾತ್ರಿ ದಾಟಿದ ಮೇಲೆ ನೆವಾ ನದಿಯ ಸೇತುವೆ ಎರಡು ಹೋಳಾಗಿ ಮೇಲೇಳುವುದು. ಎಲ್ಲವೂ ನಿಜ. ಆ ಊರು ಅಷ್ಟು ಚೆಂದ ಇದೆ. 1703ರಲ್ಲಿ ಪೀಟರ್ ದೊರೆ ಜೌಗು ನೆಲದಲ್ಲಿ ಶುರು ಮಾಡಿದ ಊರು ಅಂದರೆ ನಂಬೋಕಾಗಲ್ಲ.

ಅಷ್ಟರಲ್ಲಿ ಒಂದು ಫೋಟೋ ಬಂತು. ಹೋಟೆಲ್ಲಿನ ಬೆಳಗಿನ ತಿಂಡಿ. ನಾವೆಲ್ಲ ಮೇಜಿನ ಸುತ್ತ ನಗುತ್ತಾ ಕೂತಿದ್ದೇವೆ. ಬಲಗಡೆ ಅಂಚಿನಲ್ಲಿ ಒಂದು ಕೈ. ಮುಖ ಇಲ್ಲ. ನೀಲಿ ಸ್ವೆಟರಿನ ತೋಳು, ಮೇಜಿನ ಬಟ್ಟೆಯ ಮೇಲೆ ಅಡ್ಡಲಾಗಿ ಇಟ್ಟ ಅಂಗೈ. ಫೋಟೋ ಮುಂದಕ್ಕೆ ಹೋಯಿತು.

"ಸಾರ್, ಅದನ್ನ ಇನ್ನೊಂದ್ಸಲ ತೋರಿಸಿ," ಅಂದೆ.

"ಯಾವುದು ಟೀಚರ್?"

"ಆ ಬ್ರೆಡ್ಡಿಂದು."

"ಯಾವ ಬ್ರೆಡ್ಡು?"

ಕೇಳಿದ್ದು ಮ್ಯಾನೇಜರ್ ಸಾರ್. ಬ್ಯಾಂಕಿನಿಂದ ನಿವೃತ್ತರಾದವರು. ಅವರ ದನಿಯಲ್ಲಿ ಏನೂ ಇರಲಿಲ್ಲ. ನಿಜವಾಗಲೂ ನೆನಪಿರಲಿಲ್ಲ. ಆ ಬ್ರೆಡ್ಡು ಅವರ ತಟ್ಟೆಯದೇ. ಇವತ್ತಿಗೆ ಐದು ದಿನ, ಆ ಎರಡು ಪದ ನನ್ನ ತಲೆಯಿಂದ ಹೋಗುತ್ತಿಲ್ಲ.

ನಡೆದದ್ದು ಇಷ್ಟು. ಎರಡನೇ ದಿನ ಬೆಳಗ್ಗೆ ಮ್ಯಾನೇಜರ್ ಸಾರ್ ನಾಲ್ಕು ಹೋಳು ಕಪ್ಪು ಬ್ರೆಡ್ ತಂದುಕೊಂಡರು. ರೈ ಹಿಟ್ಟಿನದು, ಹುಳಿ ಇರುತ್ತದೆ. ಒಂದು ಕಚ್ಚಿದರು, ಮುಖ ಸಿಂಡರಿಸಿದರು, ತಟ್ಟೆ ಪಕ್ಕಕ್ಕೆ ತಳ್ಳಿದರು. "ಇದನ್ನ ಹೆಂಗ್ ತಿಂತಾರಪ್ಪ, ಬಿಸಾಕ್ಲಿ ಬಿಡಿ," ಅಂದರು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಗೈಡ್ ಪಕ್ಕದಲ್ಲೇ ನಿಂತಿದ್ದರು. ಐವತ್ತೈದರ ಆಸುಪಾಸಿನ ಹೆಂಗಸು. ಕಾಲೇಜಿನಲ್ಲಿ ಹಿಂದಿ ಕಲಿತವರು, ನಮ್ಮಲ್ಲಿ ಬಹಳ ಜನರಿಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಕನ್ನಡ ಬರದಿದ್ದರೂ ತಟ್ಟೆ ತಳ್ಳಿದ್ದು ಅರ್ಥವಾಗದೇ ಇರುತ್ತದಾ? ಏನೂ ಅನ್ನಲಿಲ್ಲ. ಉಳಿದ ಮೂರು ಹೋಳು ಎತ್ತಿಕೊಂಡರು. ನೀಲಿ ಅಂಚಿನ ಕಾಗದದ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕಿಟ್ಟರು. ಆಮೇಲೆ ಬಟ್ಟೆಯ ಮೇಲೆ ಬಿದ್ದಿದ್ದ ಪುಡಿಯನ್ನು ಒಂದು ಅಂಗೈಯ ಅಂಚಿನಿಂದ ಇನ್ನೊಂದು ಅಂಗೈಗೆ ಗೋರಿಕೊಂಡರು. ಬಾಯಿಗೆ ಹಾಕಿಕೊಂಡರು. ಫೋಟೋದಲ್ಲಿ ಸಿಕ್ಕಿರುವುದು ಆ ಕೈ.

ಮ್ಯಾನೇಜರ್ ಸಾರ್ ಕೆಟ್ಟವರಲ್ಲ. ನಮ್ಮ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ನನ್ನ ಹತ್ತಿರ ರೂಬಲ್ ಮುಗಿದಾಗ ಕೇಳುವ ಮೊದಲೇ ಕೊಟ್ಟವರು ಅವರು. ಮಂಡಿನೋವಿನ ಅಮ್ಮ ಒಬ್ಬರಿದ್ದರು, ಅವರ ಚೀಲವನ್ನು ಹತ್ತು ದಿನವೂ ಇವರೇ ಹೊತ್ತರು. ಆದರೆ ಊಟದ ಮೇಜಿಗೆ ಬಂದರೆ ದುಡ್ಡು ಕೊಟ್ಟಾಗಿದೆ, ಬೇಕಾದಷ್ಟು ಬಡಿಸಿಕೋ, ಬೇಡವಾದರೆ ಬಿಡು ಅನ್ನುವ ಲೆಕ್ಕ. ಇದು ಅವರೊಬ್ಬರದಲ್ಲ. ನಮ್ಮ ಮದುವೆ ಮನೆಗಳಲ್ಲಿ ಎಲೆ ಎತ್ತುವವರನ್ನು ಕೇಳಿ, ಹೇಳುತ್ತಾರೆ.

ಬಸ್ಸಿನಲ್ಲಿ ನಾನು ಗೈಡ್ ಪಕ್ಕ ಕೂತೆ. ಬ್ರೆಡ್ ವಿಷಯ ಕೇಳೋಕೆ ನಾಚಿಕೆ, ಕೇಳದೇ ಇರೋಕೂ ಆಗಲಿಲ್ಲ. ಅವರು ಸುಮ್ಮನೆ ಒಂದು ಸಂಖ್ಯೆ ಹೇಳಿದರು. "ನೂರ ಇಪ್ಪತ್ತೈದು ಗ್ರಾಂ."

ಎರಡನೇ ಮಹಾಯುದ್ಧದ ಕಾಲದ ಲೆಕ್ಕ ಅದು. ಆಗ ಊರಿನ ಹೆಸರು ಲೆನಿನ್‌ಗ್ರಾಡ್. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೇನೆ ನೆಲದ ದಾರಿಗಳನ್ನೆಲ್ಲ ಮುಚ್ಚಿತು. ದಿಗ್ಬಂಧನ ಪೂರ್ತಿ ಮುರಿದದ್ದು 1944ರ ಜನವರಿ 27ಕ್ಕೆ. 872 ದಿನ. ಮೊದಲ ಚಳಿಗಾಲದಲ್ಲಿ, ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ, ಮಕ್ಕಳಿಗೆ, ಮುದುಕರಿಗೆ, ಕಚೇರಿ ಕೆಲಸದವರಿಗೆ ದಿನಕ್ಕೆ 125 ಗ್ರಾಂ ಬ್ರೆಡ್. ಕಾರ್ಖಾನೆ ಕೆಲಸದವರಿಗೆ 250. ಹಿಟ್ಟು ಸಾಲದೆ ಅದರಲ್ಲಿ ಎಣ್ಣೆ ಹಿಂಡಿ ಬೆರೆಸುತ್ತಿದ್ದರು, ಮರದಿಂದ ತೆಗೆದ ನಾರಿನ ಪುಡಿ ಬೆರೆಸುತ್ತಿದ್ದರು. ಹಿಂಡಿ ಅಂದರೆ ನಮ್ಮ ಕಡೆ ಹಸುವಿನ ಮುಂದೆ ಇಡುತ್ತೇವಲ್ಲ, ಅದೇ ಜಾತಿಯದು. ಲಡೋಗಾ ಸರೋವರ ಹೆಪ್ಪುಗಟ್ಟಿದ ಮೇಲೆ ಆ ಮಂಜುಗಡ್ಡೆಯ ಮೇಲೆ ಲಾರಿ ಓಡಿಸಿ ಧಾನ್ಯ ತಂದರು. ಸಾಲಲಿಲ್ಲ. ಸತ್ತವರು ಆರು ಲಕ್ಷಕ್ಕೂ ಜಾಸ್ತಿ, ಹತ್ತು ಲಕ್ಷದ ಹತ್ತಿರ ಅನ್ನುವವರೂ ಇದ್ದಾರೆ. ಹೆಚ್ಚಿನವರನ್ನು ಕೊಂದದ್ದು ಬಾಂಬಲ್ಲ, ಹಸಿವು.

"ನನ್ನಜ್ಜಿ ಬದುಕುಳಿದಳು. ಸಾಯುವವರೆಗೂ ಊಟ ಆದ ಮೇಲೆ ಹೀಗೆ ಕೈಯಾಡಿಸುತ್ತಿದ್ದಳು," ಅಂತ ಮುಂದಿನ ಸೀಟಿನ ಬೆನ್ನ ಮೇಲೆ ಅಂಗೈ ಸವರಿ ತೋರಿಸಿದರು. "ನಮಗೆ ಯಾರೂ ಹೇಳಿಕೊಡಲಿಲ್ಲ. ನೋಡಿ ನೋಡಿ ಬಂತು."

ಮೈಸೂರಿಗೆ ಬಂದ ಮೇಲೆ ಒಂದು ಬೆಳಗ್ಗೆ ಅಡುಗೆಮನೆ ತಕ್ಕಡಿಯಲ್ಲಿ ಬ್ರೆಡ್ ತೂಗಿದೆ. ನಮ್ಮ ಅಂಗಡಿ ಬ್ರೆಡ್ಡು ಹಗುರ, ಐದು ಹೋಳು ಬಂತು. ಅವರದು ಒದ್ದೆ, ಭಾರ. ಒಂದೇ ಒಂದು ದಪ್ಪ ಹೋಳು ಆಗುತ್ತಿತ್ತಂತೆ. ಹೊರಗೆ ಮೈನಸ್ ಮೂವತ್ತರ ಚಳಿ, ಒಲೆಗೆ ಸೌದೆ ಇಲ್ಲ, ಇಡೀ ದಿನಕ್ಕೆ ಅದೊಂದು. ತಕ್ಕಡಿ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಹಾಲು ಉಕ್ಕಿತು.

ಹರ್ಮಿಟೇಜ್ ಮ್ಯೂಸಿಯಂ ನೋಡಿದ್ದೂ ಬಸ್ಸಿನ ಆ ಮಾತಾದ ಮೇಲೆಯೇ. ಎಲ್ಲರೂ ಚಿನ್ನದ ಗಡಿಯಾರದ ನವಿಲಿನ ಮುಂದೆ ಫೋಟೋಗೆ ನಿಂತಿದ್ದರು. ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ರೈಲಿನಲ್ಲಿ ದೂರ ಕಳಿಸಿದರಂತೆ. ಚಿತ್ರಗಳು ಹೋದವು, ಬರೀ ಚೌಕಟ್ಟುಗಳು ಗೋಡೆಯಲ್ಲಿ ಉಳಿದವು. ಆ ಖಾಲಿ ಚೌಕಟ್ಟುಗಳ ಮುಂದೆ ಸೈನಿಕರನ್ನು ನಿಲ್ಲಿಸಿ, ಇಲ್ಲಿ ಇಂಥ ಚಿತ್ರ ಇತ್ತು ಅಂತ ಬಾಯಲ್ಲೇ ಬಣ್ಣಿಸಿ ತೋರಿಸಿದವರೊಬ್ಬರು ಇದ್ದರು ಅಂತ ಗೈಡ್ ಹೇಳಿದರು.

ಆದರೆ ನನ್ನನ್ನು ಅಲ್ಲಾಡಿಸಿದ್ದು ಸೇಂಟ್ ಐಸಾಕ್ ಚರ್ಚಿನ ಎದುರಿನ ಚೌಕ. ಎಲ್ಲರ ಕ್ಯಾಮೆರಾ ಚಿನ್ನದ ಗುಮ್ಮಟದ ಕಡೆ. ಗೈಡ್ ನನ್ನ ಭುಜ ಹಿಡಿದು ಇನ್ನೊಂದು ಕಡೆ ತಿರುಗಿಸಿದರು. "ಆ ಕಟ್ಟಡ ನೋಡಿ. ಅಲ್ಲಿ ಬೀಜ ಇದೆ."

ಅದು ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಕಟ್ಟಿದ ಬೀಜದ ಸಂಗ್ರಹ. ಲೋಕವೆಲ್ಲ ಸುತ್ತಿ ತಂದ ಗೋಧಿ, ಭತ್ತ, ಕಾಳು, ಗೆಡ್ಡೆ. ಅವರನ್ನು 1940ರಲ್ಲೇ ಸ್ಟಾಲಿನ್ ಸರ್ಕಾರ ಹಿಡಿದು ಒಳಗೆ ಹಾಕಿತ್ತು. 1943ರಲ್ಲಿ ಸರಾತೊವ್ ಜೈಲಿನಲ್ಲಿ ತೀರಿಕೊಂಡರು. ಇಡೀ ಲೋಕಕ್ಕೆ ಅನ್ನ ಸಿಗಲಿ ಅಂತ ಬೀಜ ಕೂಡಿಟ್ಟವರು ಜೈಲಿನಲ್ಲಿ ಅನ್ನವಿಲ್ಲದೆ ಸೊರಗಿ ಹೋದರು. ಇತ್ತ ದಿಗ್ಬಂಧನದ ಊರಲ್ಲಿ ಅವರ ಜೊತೆಯವರು ಬೀಜ ಕಾಯುತ್ತಿದ್ದರು. ಭತ್ತದ ವಿಭಾಗ ನೋಡಿಕೊಳ್ಳುತ್ತಿದ್ದ ಡಿಮಿಟ್ರಿ ಇವಾನೊವ್ ಹಸಿವಿನಿಂದ ಸತ್ತರು, ಸುತ್ತ ಸಾವಿರಾರು ಪೊಟ್ಟಣ ಭತ್ತ. ಕಡಲೆಕಾಯಿ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಶುಕಿನ್ ಕೆಲಸದ ಮೇಜಿನ ಮುಂದೆ ಕೂತಲ್ಲೇ ಪ್ರಾಣ ಬಿಟ್ಟರು. ಯಾರೂ ಪೊಟ್ಟಣ ಬಿಚ್ಚಲಿಲ್ಲ.

ನಮ್ಮೂರು ನಾಗಮಂಗಲ ಕಡೆ. ಬಿತ್ತನೆ ರಾಗಿಯನ್ನು ಅಜ್ಜಿ ಗುಡಾಣದಲ್ಲಿ ಹಾಕಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಮುಚ್ಚಿ, ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಒಂದು ಬರದ ವರ್ಷ ಮನೆಯಲ್ಲಿ ಹಿಟ್ಟು ಮುಗಿದಿತ್ತಂತೆ. ಮೂರು ದಿನ ಅಣ್ಣೆಸೊಪ್ಪು ಬೇಯಿಸಿ ಉಪ್ಪು ಹಾಕಿ ತಿಂದಿದ್ದರು. ಚಿಕ್ಕಪ್ಪ ಆಗ ಸಣ್ಣವನು, ಗುಡಾಣ ತೆಗಿ ಅಂತ ನೆಲಕ್ಕೆ ಬಿದ್ದು ಅತ್ತನಂತೆ. ಅಜ್ಜಿ ಗುಡಾಣಕ್ಕೆ ಬೆನ್ನು ಕೊಟ್ಟು ಕೂತಳಂತೆ, ಏಳಲಿಲ್ಲ. ಈ ಕತೆ ಕೇಳಿದಾಗಲೆಲ್ಲ ನನಗೆ ಅಜ್ಜಿಯ ಮೇಲೆ ಕೋಪ ಬರುತ್ತಿತ್ತು. ಒಂದು ಹಿಡಿ ರಾಗಿ ತೆಗೆದಿದ್ದರೆ ಏನಾಗುತ್ತಿತ್ತು? ಐವತ್ತೆಂಟು ವರ್ಷವಾದ ಮೇಲೆ, ಎಲ್ಲೋ ದೂರದ ಚೌಕದಲ್ಲಿ ನಿಂತಾಗ ಆ ಕೋಪ ಇಳಿಯಿತು. ನಮ್ಮಜ್ಜಿಗೆ ಮುಂದಿನ ಮುಂಗಾರು ಬಂತು, ಎಲ್ಲರೂ ಉಳಿದರು. ಆ ಕಟ್ಟಡದೊಳಗಿದ್ದವರಿಗೆ ಬರಲಿಲ್ಲ.

ಒಂದು ಊರನ್ನು ಸುತ್ತುವರಿದು ಒಳಗಿನವರ ಅನ್ನ ನಿಲ್ಲಿಸುವುದಕ್ಕಿಂತ ಹೀನ ಕೆಲಸ ಯುದ್ಧದಲ್ಲಿ ಇನ್ನೊಂದಿಲ್ಲ. ಯಾವ ಬಾವುಟ ಹಿಡಿದವರು ಮಾಡಲಿ, ಎಂಬತ್ತು ವರ್ಷದ ಹಿಂದೆ ಮಾಡಲಿ, ಈಗ ಮಾಡಲಿ. ಈಗಿನ ಯುದ್ಧದ ಬಗ್ಗೆ ಗೈಡ್ ಒಂದು ಮಾತೂ ಆಡಲಿಲ್ಲ, ನಾವೂ ಕೇಳಲಿಲ್ಲ. ಕೇಳಬೇಕಿತ್ತೇನೋ ಅಂತ ಈಗ ಅನಿಸುತ್ತದೆ.

ಭಾನುವಾರ ನಾನು ಮ್ಯಾನೇಜರ್ ಸಾರ್‌ಗೆ ಇದೇನೂ ಹೇಳಲಿಲ್ಲ. ಎಲ್ಲರೂ ಖುಷಿಯಾಗಿದ್ದರು, ಬಾಯಿ ಬರಲಿಲ್ಲ. "ಇರಲಿ ಬಿಡಿ ಸಾರ್" ಅಂದೆ. ನಿನ್ನೆ ರಾತ್ರಿ ಅವರೇ ಆ ಫೋಟೋ ಕಳಿಸಿದರು. ಮೂಲೆಯ ಕೈಯನ್ನು ದೊಡ್ಡದು ಮಾಡಿ ಕತ್ತರಿಸಿದ್ದರು. ಕೆಳಗೆ ಬರೆದಿದ್ದರು: "ಟೀಚರ್, ನೆನಪಾಯ್ತು. ಆಮೇಲೆ ಅವರು ಆ ಬ್ರೆಡ್ಡು ಏನ್ ಮಾಡಿದ್ರು?"

ಕೊನೆಯ ದಿನ ಎಲ್ಲರೂ ಶಾಪಿಂಗ್‌ಗೆ ಹೋದಾಗ ನಾನು ಗೈಡ್ ಜೊತೆ ಪಿಸ್ಕರಿಯೋವ್ ಸ್ಮಶಾನಕ್ಕೆ ಹೋಗಿದ್ದೆ, ಸಾರ್. ಮೆಟ್ರೋ, ಆಮೇಲೆ ಬಸ್ಸು. ಉದ್ದುದ್ದ ಹುಲ್ಲಿನ ದಿಬ್ಬಗಳು, ಒಟ್ಟು 186. ಒಂದೊಂದರಲ್ಲೂ ಸಾವಿರಗಟ್ಟಲೆ ಜನ. ಎಲ್ಲ ಸೇರಿ ನಾಲ್ಕು ಲಕ್ಷ ತೊಂಬತ್ತು ಸಾವಿರದಷ್ಟು. ಹೆಸರಿಲ್ಲ, ಕಲ್ಲಿನ ಮೇಲೆ ಬರೀ ಇಸವಿ. ಸೈನಿಕರದಾದರೆ ನಕ್ಷತ್ರ, ಊರಿನವರದಾದರೆ ಕುಡುಗೋಲು ಸುತ್ತಿಗೆ. ಅವರಜ್ಜಿಯ ತಂಗಿ ಅಲ್ಲೇ ಎಲ್ಲೋ ಇದ್ದಾಳೆ. ಯಾವ ದಿಬ್ಬ ಅಂತ ಗೊತ್ತಿಲ್ಲ, ಯಾವ ವರ್ಷ ಅಂತ ಮಾತ್ರ ಗೊತ್ತು. 1942 ಅಂತಿದ್ದ ಒಂದು ಕಲ್ಲಿನ ಮುಂದೆ ನಿಂತು ಚೀಲ ತೆಗೆದರು. ನೀಲಿ ಅಂಚಿನ ಅದೇ ಕರವಸ್ತ್ರ. ಬ್ರೆಡ್ಡು ಒಣಗಿ ಗಟ್ಟಿಯಾಗಿತ್ತು. ಒಂದು ಹೋಳು ಕಲ್ಲಿನ ಮೇಲಿಟ್ಟರು. ಅಲ್ಲಿ ಆಗಲೇ ಯಾರೋ ಇಟ್ಟಿದ್ದ ಎರಡು ಚಾಕೊಲೇಟು ಇದ್ದವು. ಇನ್ನೊಂದು ಹೋಳನ್ನು ನನ್ನ ಕೈಗೆ ಕೊಟ್ಟರು, ನಾನೂ ಇಟ್ಟೆ. ಮೂರನೆಯದನ್ನು ಮುರಿದು ಅರ್ಧ ನನಗೆ ಕೊಟ್ಟರು. ಹುಳಿ ಇತ್ತು. ತಿಂದೆವು.